ಮಕ್ಕಳ ಜೊತೆ ಬೇಟೆಯ ಡೇರೆಯಲ್ಲಿ

"ಡೇರೆ ಕೊಳ್ಳೋದು ನಿನ್ನ ಕೆಲಸ ತಾನೇ? ನನಗೂ ಒಂದು ಆರಿಸಿಕೊಡು. ಮಕ್ಕಳನ್ನು ಜಿಂಕೆ ಬೇಟೆಗೆ ಕರೆದುಕೊಂಡು ಹೋಗಬೇಕು."

ಹೀಗಂದವನು ಗ್ರೆಗ್. ಅಮೆರಿಕದವನು. ಆಫೀಸಿನಲ್ಲಿ ನನ್ನ ಪಕ್ಕದ ರೂಮು, ಮನೆ ನೈರೋಬಿಯ ಮುಥೈಗಾದಲ್ಲಿ. ಪ್ರತಿ ನವೆಂಬರ್‌ನಲ್ಲಿ ರಜೆ ಹಾಕಿ ತನ್ನ ಊರಿಗೆ ಹೋಗುತ್ತಾನೆ. ಅಲ್ಲಿ ಅದು ಜಿಂಕೆ ಬೇಟೆಯ ಕಾಲ. ಲೈಸೆನ್ಸ್ ತಗೊಂಡು ಹೊಡೆಯಬಹುದು, ಮನೆಗೆ ತಂದು ವರ್ಷವಿಡೀ ತಿನ್ನಬಹುದು. ಆ ವರ್ಷ ಮೊದಲ ಸಲ ಮಗಳನ್ನೂ ಮಗನನ್ನೂ ಕರೆದೊಯ್ಯುವವನಿದ್ದ.

ನನ್ನ ಕೆಲಸ ಈ ಅಂಕಣ ಓದುವ ನಿಮಗೆ ಗೊತ್ತಿರುವುದೇ. ವೆಸ್ಟ್‌ಲ್ಯಾಂಡ್ಸ್‌ನ ಒಂದು ಕಟ್ಟಡದ ಆರನೇ ಮಹಡಿಯಲ್ಲಿ ಕೂತು ನಿರಾಶ್ರಿತರ ಶಿಬಿರಗಳಿಗೆ ಡೇರೆ, ಕಂಬಳಿ, ಬಕೆಟ್ಟು ಖರೀದಿಸುವುದು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ ಕೊನೆಗೆ ಬಟ್ಟೆ ವ್ಯಾಪಾರಕ್ಕೆ ಬಿದ್ದೆಯಲ್ಲ ಅಂತ ನಮ್ಮಣ್ಣ ಇವತ್ತಿಗೂ ರೇಗಿಸುತ್ತಾನೆ. ಆದರೆ ಡೇರೆ ಅಂದರೆ ನನಗೆ ಗೊತ್ತು. ಯಾವ ಬಟ್ಟೆ ಗಾಳಿಗೆ ಪಟಪಟ ಅನ್ನುತ್ತದೆ, ಯಾವ ಹೊಲಿಗೆ ಮೊದಲ ಮಳೆಗೇ ಬಾಯಿ ಬಿಡುತ್ತದೆ, ಮುಟ್ಟಿ ನೋಡಿ ಹೇಳಬಲ್ಲೆ. ಹಾಗಾಗಿ ಒಪ್ಪಿಕೊಂಡೆ. (ಬೇಟೆಯ ಬಗ್ಗೆ ಏನೂ ಯೋಚಿಸಲಿಲ್ಲವೇ ಅನ್ನುತ್ತೀರಾ? ಇಲ್ಲ. ಬಟ್ಟೆಯ ಬಗ್ಗೆ ಯೋಚಿಸಿದೆ.)

ಇದಕ್ಕೆ ಹಂಟಿಂಗ್ ಬ್ಲೈಂಡ್ ಅನ್ನುತ್ತಾರೆ. ನಮ್ಮ ಕಡೆ ಬೇಟೆಯವರು ಮರದ ಮೇಲೆ ಅಟ್ಟಣೆ ಕಟ್ಟಿ ಕೂರುತ್ತಿದ್ದರಲ್ಲ, ಅದೇ ಸಂಗತಿ, ನೆಲದ ಮೇಲೆ. ಮಡಚಿ ಹೆಗಲಿಗೆ ಹಾಕಿಕೊಂಡು ಹೋಗಬಹುದು. ಮೇಲೆಲ್ಲ ಎಲೆ, ಕಡ್ಡಿ, ಒಣಹುಲ್ಲಿನ ಚಿತ್ರ. ಇಪ್ಪತ್ತು ಹೆಜ್ಜೆ ದೂರ ನಿಂತು ನೋಡಿದರೆ ಒಂದು ದಟ್ಟ ಪೊದೆ, ಅಷ್ಟೆ.

ಹತ್ತಾರು ಮಾಡೆಲ್ ನೋಡಿದೆವು. ಕುರ್ಚಿಗೇ ಮುಸುಕು ಹಾಕಿದಂಥದ್ದು ಒಬ್ಬರಿಗೆ ಮಾತ್ರ, ಬೇಡ. ಚೀಲದಿಂದ ತೆಗೆದ ಕೂಡಲೇ ತಾನೇ ಅರಳಿಕೊಳ್ಳುವಂಥದ್ದು ನೋಡಲು ಚಂದ, ವಾಪಸ್ ಮಡಚಲು ಮಾತ್ರ ಮೂರು ಜನ ಬೇಕು. ಕೊನೆಗೆ ನಾಲ್ಕೂ ಗೋಡೆಯನ್ನು ಹೊರಕ್ಕೆ ಎಳೆದು ನಿಲ್ಲಿಸುವ ಚೌಕದ ಡೇರೆಯೊಂದನ್ನು ಗೊತ್ತುಮಾಡಿದೆವು. ಒಳಗೆ ಮೂರು ಕುರ್ಚಿ ಹಿಡಿಯುತ್ತಿತ್ತು.

"ಮಕ್ಕಳು ಅಲ್ಲಾಡ್ತಾರೆ," ಗ್ರೆಗ್ ಹೇಳಿದ. "ಅಲ್ಲಾಡಬೇಡಿ ಅಂದ್ರೆ ಇನ್ನೂ ಜಾಸ್ತಿ. ಅದಕ್ಕೆ ಒಳಗಡೆ ಪೂರ್ತಿ ಕಪ್ಪಗಿರಬೇಕು. ಕತ್ತಲಲ್ಲಿ ಕುಣಿದರೂ ಜಿಂಕೆಗೆ ಕಾಣಲ್ಲ. ಕಿಟಕಿ ಮಕ್ಕಳ ಕಣ್ಣಿನ ಎತ್ತರಕ್ಕಿರಬೇಕು. ಕಿಟಕಿಗೆ ಜಿಪ್ ಬೇಡ, ಸದ್ದು. ತಿನ್ನೋಕೆ ಚಿಪ್ಸ್ ಪ್ಯಾಕೆಟ್ ಬೇಡ, ಬಾಳೆಹಣ್ಣು ಇಟ್ಕೋ."

ಒಳ್ಳೆಯ ಅಪ್ಪ ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಡೇರೆ ಆಗಸ್ಟ್‌ನಲ್ಲೇ ಬಂತು. ಹೊಸ ಬಟ್ಟೆಯ ವಾಸನೆ ಹೋಗಲಿ ಅಂತ ಎರಡು ವಾರ ಗ್ರೆಗ್‌ನ ಹುಲ್ಲುಹಾಸಿನ ಮೇಲೆ ಬಿಸಿಲಿಗೆ ಬಿಟ್ಟೆವು. ಆಮೇಲೆ ಅವನೇ ಅಂದ: "ಆರಿಸಿದವನು ನೀನು, ಟೆಸ್ಟೂ ನೀನೇ ಮಾಡು. ನಿನ್ನ ಮಕ್ಕಳನ್ನು ಕರೆದುಕೊಂಡು ಹೋಗು. ಕ್ಯಾಮೆರಾದಲ್ಲಿ ಹೊಡಿ."

ಕೀನ್ಯಾದಲ್ಲಿ ಬೇಟೆ ನಿಷಿದ್ಧ. ದಶಕಗಳಿಂದಲೂ ಹಾಗೆಯೇ. ಕ್ಯಾಮೆರಾ ಹಿಡಿದು ಎಷ್ಟು ಬೇಕಾದರೂ ಹೊಡೆಯಬಹುದು.

ನಮ್ಮ ಮಕ್ಕಳಿಗೆ ಸಫಾರಿ ಅಂದರೆ ಬೇಜಾರು. ಧಾತ್ರಿಗೆ ಆಗ ಹನ್ನೊಂದು, ಅಚ್ಚುವಿಗೆ ಏಳು. ಇಲ್ಲೇ ಬೆಳೆದವರು. ಒಂದು ಸಿಂಹದ ಸುತ್ತ ಹದಿನೈದು ವ್ಯಾನು ನಿಂತಿರುವಾಗ ಇವರಿಬ್ಬರೂ ಹಿಂದಿನ ಸೀಟಿನಲ್ಲಿ ಫೋನ್ ನೋಡುತ್ತಾ ಕೂತಿರುತ್ತಾರೆ. ಒಂದೇ ಒಂದು ಬೆಳಿಗ್ಗೆ ಇವರು ಸುಮ್ಮನೆ ಕಾಯುವುದನ್ನು ಕಲಿಯಲಿ ಅನ್ನಿಸಿತು ನನಗೆ. ತಪ್ಪಾ?

ನನ್ನ ಹೆಂಡತಿ ಸುಮಾ ಬರಲಿಲ್ಲ. "ಪ್ರಾಣಿಗಳಿಗೆ ಮೋಸ ಮಾಡೋಕೆ ಅಂತ ಹೊಲಿದಿರೋ ಬಟ್ಟೆ ಅದು. ಅದರೊಳಗೆ ಕೂತು ಇಡ್ಲಿ ತಿನ್ನೋಕೆ ನನ್ನ ಕೈಲಾಗಲ್ಲ," ಅಂದಳು. ಆದರೂ ಇಡ್ಲಿ ಕಟ್ಟಿಕೊಟ್ಟಳು.

ನೈರೋಬಿಯಿಂದ ಒಂದೂವರೆ ಗಂಟೆ ದೂರದಲ್ಲಿ ಒಂದು ಖಾಸಗಿ ರ‍್ಯಾಂಚ್. ಹೆಸರು ಬೇಡ. ಸಾವಿರಾರು ಎಕರೆ ಹುಲ್ಲು, ಜಾಲಿ ಮರ, ಒಂದು ನೀರಿನ ಹೊಂಡ. ಸಿಂಹ ಇಲ್ಲ, ಕಾಡೆಮ್ಮೆ ಇಲ್ಲ. ಜಿರಾಫೆ, ಜೀಬ್ರಾ, ಜಿಂಕೆ. ನಡೆದಾಡಬಹುದು. (ಜೀವಶಾಸ್ತ್ರದ ಮೇಷ್ಟ್ರುಗಳು ಕಾಗದ ಬರೆಯುವ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿರುವುದು ಜಿಂಕೆಯಲ್ಲ, ಇಂಪಾಲ ಅನ್ನುವ ಹುಲ್ಲೆ. ನಮ್ಮನೆಯಲ್ಲಿ ಮಾತ್ರ ಜಿಂಕೆ ಅಂತಲೇ ಅನ್ನುತ್ತೇವೆ.)

ಶುಕ್ರವಾರ ಸಂಜೆಯೇ ಹೋಗಿ ಉಳಿದುಕೊಂಡೆವು. ಶನಿವಾರ ಬೆಳಕು ಹರಿಯುವಷ್ಟರಲ್ಲಿ ನಮ್ಮ ಗೈಡು ಲೆಕಿಶೋನ್ ಹೊಂಡದ ಹತ್ತಿರ ಜಾಗ ತೋರಿಸಿದ. ಮಾಸಾಯಿ ಹುಡುಗ, ಮಿತಭಾಷಿ. ಡೇರೆ ನಿಲ್ಲಿಸಿ ಬುಡಕ್ಕೆ ಒಂದಷ್ಟು ಕೊಂಬೆ ಒರಗಿಸಿದೆವು. ಅವನು ಒಂದು ವಾಕಿಟಾಕಿ ನನ್ನ ಕೈಗಿಟ್ಟ. "ಏನಾದರೂ ಬೇಕಿದ್ದರೆ ಇದನ್ನೊತ್ತಿ ಮಾತಾಡಿ. ಆಫೀಸಿಗೆ ಕೇಳುತ್ತದೆ. ಒಂಬತ್ತಕ್ಕೆ ಬರುತ್ತೇನೆ," ಅಂದು ಹೊರಟುಹೋದ.

ನಂಬಿ, ಮೊದಲ ಮುಕ್ಕಾಲು ಗಂಟೆ ನನ್ನ ಜೀವನದ ಅತ್ಯಂತ ಒಳ್ಳೆಯ ಮುಕ್ಕಾಲು ಗಂಟೆ.

ಮಕ್ಕಳು ಸದ್ದು ಮಾಡಲಿಲ್ಲ. ಅಚ್ಚು ಬಾಳೆಹಣ್ಣಿನ ಸಿಪ್ಪೆಯನ್ನು ಸಹ ಮೆಲ್ಲಗೆ ಸುಲಿದ. ಹೊಂಡದ ಆ ಕಡೆಯಿಂದ ಜಿಂಕೆಗಳು ಬಂದವು. ಒಂದು, ನಾಲ್ಕು, ಆಮೇಲೆ ಇಪ್ಪತ್ತಕ್ಕೂ ಹೆಚ್ಚು. ನೀರು ಕುಡಿಯುವ ಸದ್ದು ನಮಗೆ ಕೇಳಿಸುತ್ತಿತ್ತು. ಧಾತ್ರಿ ನನ್ನ ಕಿವಿಗೆ ಬಾಯಿಟ್ಟು, "ಅಪ್ಪ, ದೇ ಡೋಂಟ್ ನೋ ವೀ ಆರ್ ಹಿಯರ್," ಅಂದಳು. ಅವಳ ಉಸಿರು ಬಿಸಿಯಾಗಿತ್ತು. ಫೋನು ಚೀಲದಲ್ಲೇ ಇತ್ತು.

ನೀರು ಕುಡಿದ ಒಂದು ಎಳೆ ಹೆಣ್ಣು ಜಿಂಕೆ ನಮ್ಮ ಎಡಕ್ಕೆ ಬಂತು. ಅಲ್ಲಿ ಎರಡು ಮುಳ್ಳುಪೊದೆಗಳ ನಡುವೆ ಒಂದು ಸಂದಿ. ಅದರಲ್ಲಿ ನುಗ್ಗಿದ್ದೇ ಮೇಲಕ್ಕೆ ಚಿಮ್ಮಿ, ಯಾರೋ ಹಿಂದಿನಿಂದ ಎಳೆದ ಹಾಗೆ ಕೆಳಗೆ ಬಿತ್ತು.

ಉರುಳು. ತಂತಿಯ ಉರುಳು.

ಉಳಿದವೆಲ್ಲ ಕ್ಷಣದಲ್ಲಿ ಮಾಯ. ಇದೊಂದು ಎದ್ದಿತು, ಎಳೆಯಿತು, ಬಿತ್ತು. ಎಳೆದಷ್ಟೂ ತಂತಿ ಕುತ್ತಿಗೆಯನ್ನು ಬಿಗಿಯುತ್ತಿತ್ತು. ಕೂಗಿತು. ಜಿಂಕೆ ಕೂಗುವುದನ್ನು ಕೇಳಿದ್ದೀರಾ? ಕೇಳಬೇಡಿ.

ನಾನು ವಾಕಿಟಾಕಿ ಒತ್ತಿದೆ. "ಒಂದು ಪ್ರಾಣಿ ತಂತಿಗೆ ಸಿಕ್ಕಿಕೊಂಡಿದೆ, ಬೇಗ ಯಾರನ್ನಾದರೂ ಕಳಿಸಿ," ಅಂದೆ.

ಆ ಕಡೆಯಿಂದ ಗೊತ್ತಿಲ್ಲದ ದನಿ. ರೇಂಜರ್‌ಗಳ ಮುಖ್ಯಸ್ಥ ಇರಬೇಕು. "ಸರ್, ನೀವು ಡೇರೆಯೊಳಗಿದ್ದೀರಾ?"

"ಹೌದು."

"ಹೊರಗೆ ಬರಬೇಡಿ. ಸದ್ದು ಮಾಡಬೇಡಿ. ಪ್ರಾಣಿಯನ್ನು ಮುಟ್ಟಬೇಡಿ. ಉರುಳು ಹಾಕಿದವನು ಅದನ್ನು ನೋಡೋಕೆ ಬಂದೇ ಬರ್ತಾನೆ. ಬಂದ ಕೂಡಲೇ ಹೇಳಿ. ನಾವು ಹತ್ತಿರದಲ್ಲೇ ಇರ್ತೀವಿ."

ನನಗೆ ಅರ್ಥವಾಯಿತು. ಅರ್ಥವಾಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ.

"ಅಪ್ಪ, ಕಟ್ ಇಟ್," ಅಚ್ಚು ನನ್ನ ತೋಳು ಜಗ್ಗಿದ. "ನಿನ್ನ ಹತ್ರ ಚಾಕು ಇದೆ."

"ತಂತಿ ಕಣೋ ಅದು. ಚಾಕುವಿನಲ್ಲಿ ಆಗಲ್ಲ."

"ದೆನ್ ಲೂಸನ್ ಇಟ್!"

"ಹೊರಗೆ ಹೋಗಬಾರದು ಅಂದಿದ್ದಾರೆ."

"ಹೂ?"

"ರೇಂಜರ್ ಅಂಕಲ್."

ಏಳು ವರ್ಷದವನಿಗೆ ಇದೊಂದು ಉತ್ತರವೇ? ಅವನು ಅಳಲು ಶುರು ಮಾಡಿದ. ನಾನು ಅವನ ಬಾಯಿಯ ಮೇಲೆ ಕೈಯಿಟ್ಟೆ. ಮೆಲ್ಲಗೇ ಇಟ್ಟೆ. ಆದರೂ ಇಟ್ಟೆ.

ನಲವತ್ತು ನಿಮಿಷ. ಮೂವತ್ತು ಹೆಜ್ಜೆ ದೂರದಲ್ಲಿ ಒಂದು ಪ್ರಾಣಿ ಉಸಿರಿಗಾಗಿ ಒದ್ದಾಡುತ್ತಿರುವುದನ್ನು ನಾನೂ ನನ್ನ ಮಕ್ಕಳೂ ನಲವತ್ತು ನಿಮಿಷ ನೋಡಿದೆವು. ಎದ್ದು ಹೋಗಿ ತಂತಿಯನ್ನು ಸಡಿಲಿಸಲು ಎರಡು ನಿಮಿಷ ಸಾಕಿತ್ತು. ಒದೆಯಬಹುದಿತ್ತು, ಗಾಯವಾಗಬಹುದಿತ್ತು. ಆದರೂ ಮಾಡಬಹುದಿತ್ತು. ಮಾಡಲಿಲ್ಲ. ನನಗೆ ವಹಿಸಿದ ಕೆಲಸ ಮಾಡುತ್ತಿದ್ದೆ. ಕಾಯುವ ಕೆಲಸ. ಕೊನೆಕೊನೆಗೆ ಅದು ಏಳುವುದನ್ನು ಬಿಟ್ಟು ಮಲಗಿತು. ಹೊಟ್ಟೆ ಮಾತ್ರ ಏರಿಳಿಯುತ್ತಿತ್ತು.

ಆಮೇಲೆ ಅವನು ಬಂದ.

ನಲವತ್ತರ ಆಸುಪಾಸಿನ ಮನುಷ್ಯ. ಬಣ್ಣಗೆಟ್ಟ ನೀಲಿ ಓವರಾಲ್, ಟೈರಿನ ಚಪ್ಪಲಿ. ಒಂದು ಕೈಯಲ್ಲಿ ಮಚ್ಚು, ಇನ್ನೊಂದು ಕೈಯಲ್ಲಿ ಒಂದು ಹುಡುಗಿಯ ಕೈ. ಅವಳಿಗೆ ಏಳೆಂಟು ವರ್ಷ. ಸ್ಕೂಲಿನ ಕೆಂಪು ಸ್ವೆಟರ್ ಹಾಕಿದ್ದಳು, ಮೊಣಕೈ ಹತ್ತಿರ ಹರಿದಿತ್ತು.

ಅವನು ಸುತ್ತಲೂ ನೋಡಿದ. ನಮ್ಮ ಕಡೆಗೂ ನೋಡಿದ. ಪೊದೆ ಕಂಡಿತು, ಅಷ್ಟೆ.

ಮಗಳಿಗೆ ಏನೋ ಮೆಲ್ಲಗೆ ಹೇಳಿದ. ಅವಳು ಹೋಗಿ ಜಿಂಕೆಯ ಹಿಂಗಾಲುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವನು ಅದರ ಕಣ್ಣಿನ ಮೇಲೆ ಅಂಗೈ ಇಟ್ಟ. ಆಮೇಲೆ ಮಚ್ಚು. ನಾನು ಅಚ್ಚುವಿನ ಮುಖವನ್ನು ನನ್ನ ಎದೆಗೆ ಒತ್ತಿಕೊಂಡೆ. ಧಾತ್ರಿಯನ್ನು ತಡೆಯಲಾಗಲಿಲ್ಲ, ಅವಳು ಎಲ್ಲವನ್ನೂ ನೋಡಿದಳು. ಅವನಲ್ಲಿ ಅವಸರವಿರಲಿಲ್ಲ, ಕ್ರೌರ್ಯವೂ ಇರಲಿಲ್ಲ. ನಾನು ನಲವತ್ತು ನಿಮಿಷ ಕಾವಲು ಕೂತಿದ್ದ ಸಂಕಟವನ್ನು ಅವನು ಅರ್ಧ ನಿಮಿಷದಲ್ಲಿ ಮುಗಿಸಿದ.

ನಾನು ವಾಕಿಟಾಕಿಯನ್ನು ಬಾಯಿಯ ಹತ್ತಿರ ತಂದು, ಪಿಸುದನಿಯಲ್ಲಿ, "ಬಂದಿದ್ದಾನೆ," ಅಂದೆ.

"ಎಷ್ಟು ಜನ?"

"ಇಬ್ಬರು," ಅಂದೆ.

ಇಬ್ಬರು. ಒಬ್ಬ ಮತ್ತು ಅವನ ಮಗಳು ಅನ್ನಲಿಲ್ಲ. ಜೊತೆಗೊಂದು ಮಗು ಇದೆ, ಹುಷಾರು ಅನ್ನಲಿಲ್ಲ. ನನ್ನೆದುರಿಗೇ, ನನ್ನ ಮಗನಷ್ಟೇ ಎತ್ತರದ ಹುಡುಗಿ. ನನ್ನ ಬಾಯಲ್ಲಿ ಬಂದದ್ದು ಇಬ್ಬರು.

ಅವರು ನಿಜಕ್ಕೂ ಹತ್ತಿರದಲ್ಲೇ ಇದ್ದರು. ಪೊದೆಗಳ ಹಿಂದಿನಿಂದ ನಾಲ್ಕು ಜನ ಎದ್ದರು, ಕೈಯಲ್ಲಿ ದೊಣ್ಣೆ, ಒಬ್ಬನ ಹತ್ತಿರ ಬಂದೂಕು. ಆ ಮನುಷ್ಯ ಓಡಬಹುದಿತ್ತು. ಓಡಲಿಲ್ಲ. ಮಗಳಿಗೆ ಅವರ ಭಾಷೆಯಲ್ಲಿ ಒಂದೇ ಒಂದು ಮಾತು ಕೂಗಿ, ರೇಂಜರ್‌ಗಳಿಗೆ ಅಡ್ಡವಾಗಿ ನಿಂತ. ಹುಡುಗಿ ಮುಳ್ಳುಪೊದೆಗಳ ಮರೆಯಲ್ಲಿ, ಅವರ ಕಣ್ಣಿಗೆ ಬೀಳದೆ ಓಡಿದಳು. ಕಣ್ಣಿಗೆ ಕಂಡ ಎಲ್ಲಕ್ಕಿಂತ ದಟ್ಟವಾದ ಪೊದೆಯ ಕಡೆಗೆ ಓಡಿದಳು.

ಆ ಪೊದೆ ನಾವು.

ಡೇರೆಯ ಅಂಚನ್ನು ಎತ್ತಿ, ಕೆಳಗಿನಿಂದ ತೆವಳಿಕೊಂಡು ಒಳಗೆ ಬಂದಳು. ಒಳಗೆ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಮೂರು ಜನ ಕುರ್ಚಿಯಲ್ಲಿ ಕೂತಿರುವುದು ಕಂಡಿತು. ಅವಳ ಮುಖ ಹೇಗಾಯಿತು ಅಂತ ಬರೆಯಲು ನನಗೆ ಬರುವುದಿಲ್ಲ. ಅಂಗೈಯಲ್ಲಿ ರಕ್ತ ಇತ್ತು, ಮೈಯಿಂದ ಒಲೆಯ ಹೊಗೆಯ ವಾಸನೆ ಬರುತ್ತಿತ್ತು. ಅವಳು ನನ್ನನ್ನೇ ನೋಡಿ, "ಉಸಿಸೆಮೆ," ಅಂದಳು.

ಹೇಳಬೇಡ ಅಂತ. ನನ್ನ ಸ್ವಾಹಿಲಿ ತರಕಾರಿ ಅಂಗಡಿಯ ಸ್ವಾಹಿಲಿ. ಆದರೆ ಇಷ್ಟು ಅರ್ಥವಾಗುತ್ತದೆ.

ಧಾತ್ರಿ ಕಾಲು ಸರಿಸಿ, ಅವಳನ್ನು ತನ್ನ ಕುರ್ಚಿಯ ಮುಂದೆ ನೆಲದ ಮೇಲೆ ಕೂರಿಸಿಕೊಂಡು, ತನ್ನ ಜಾಕೆಟ್ ಬಿಚ್ಚಿ ಅವಳ ಮೇಲೆ ಹಾಕಿದಳು.

ಹೊರಗೆ ಹೊಡೆತ ಶುರುವಾಗಿತ್ತು.

"ವಾ ಪಿಲಿ ಯುಕೊ ವಾಪಿ?" ಎರಡನೆಯವನು ಎಲ್ಲಿ? ಒಂದು ಏಟು. ಮತ್ತೆ ಅದೇ ಪ್ರಶ್ನೆ. ಮತ್ತೊಂದು.

"ಪೆಕೆ ಯಾಂಗು," ಅನ್ನುತ್ತಿದ್ದ ಅವನು. ನಾನೊಬ್ಬನೇ. ನಾನೊಬ್ಬನೇ.

ಅಷ್ಟರಲ್ಲಿ ನನ್ನ ತೊಡೆಯ ಮೇಲಿದ್ದ ವಾಕಿಟಾಕಿ ಮಾತಾಡಿತು: "ಸರ್, ಎರಡನೆಯವನು ಯಾವ ಕಡೆ ಓಡಿದ?"

ಹುಡುಗಿ ವಾಕಿಟಾಕಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಇಷ್ಟೆಲ್ಲ ಹೇಗಾಯಿತು ಎನ್ನುವುದು ಆ ಮಗುವಿಗೆ ಆ ಕ್ಷಣದಲ್ಲಿ ತಿಳಿಯಿತು. ನಾನು ಅದನ್ನು ಆಫ್ ಮಾಡಿದೆ.

ಹೊಡೆತ ನಿಲ್ಲಲಿಲ್ಲ. ಅಚ್ಚು ಕಿವಿ ಮುಚ್ಚಿಕೊಂಡು ಕೂತಿದ್ದ. ನಾನು ಹೇಳಿದ "ಇಬ್ಬರು" ಸುಳ್ಳಲ್ಲ ಅಂತ ಸಾಬೀತಾಗುವವರೆಗೂ ಆ ಮನುಷ್ಯನಿಗೆ ಹೊಡೆಯುತ್ತಾರೆ, ಅವನು ಸತ್ತರೂ ಬಾಯಿ ಬಿಡುವುದಿಲ್ಲ ಅಂತ ನನಗನ್ನಿಸಿತು. ನಾನು ಬಾಗಿಲಿನ ಜಿಪ್‌ಗೆ ಕೈ ಹಾಕಿದೆ.

ಧಾತ್ರಿ ನನ್ನ ಶರ್ಟು ಹಿಡಿದುಕೊಂಡಳು. "ಅಪ್ಪ, ನೋ. ಪ್ಲೀಸ್, ನೋ."

"ಅವರಪ್ಪನಿಗೆ ಹೊಡೀತಿದಾರೆ ಪುಟ್ಟಿ."

"ಶೀ ಸೆಡ್ ಡೋಂಟ್ ಟೆಲ್."

ಜಿಪ್ ಎಳೆದೆ. ಹೊರಗೆ ನಿಂತು, "ಹೊಡೀಬೇಡಿ, ಇಲ್ಲಿದ್ದಾಳೆ. ಮಗು ಅದು. ಬರೀ ಮಗು," ಅಂತ ಕೂಗಿದೆ.

ಹೊಡೆತ ನಿಂತಿತು. ಒಬ್ಬ ರೇಂಜರ್ ಬಂದು ಒಳಗೆ ಇಣುಕಿದ. "ಇದಾ ಎರಡನೆಯವನು?" ಅಂದು ನಕ್ಕ. ಹುಡುಗಿ ಅಳಲಿಲ್ಲ. ಎದ್ದು, ಧಾತ್ರಿಯ ಜಾಕೆಟ್ಟನ್ನು ಕುರ್ಚಿಯ ಮೇಲೆ ಇಟ್ಟು, ಕೈಯನ್ನು ತನ್ನ ಸ್ವೆಟರ್‌ಗೆ ಒರೆಸಿಕೊಂಡು ಹೊರಗೆ ನಡೆದಳು. ನನ್ನ ಕಡೆ ತಿರುಗಿ ನೋಡಲಿಲ್ಲ.

ಅಷ್ಟು ಏಟು ತಿಂದರೂ ಒಂದು ಸಲವೂ ಕೂಗದ ಆ ಮನುಷ್ಯ, ಮಗಳು ನಡೆದು ಬರುವುದನ್ನು ನೋಡಿದ ಮೇಲೆ ಕೂಗಿಕೊಂಡ.

ಇಬ್ಬರನ್ನೂ ಪಿಕಪ್‌ನ ಹಿಂದೆ ಕೂರಿಸಿದರು. ನಡುವೆ ಜಿಂಕೆ.

ರ‍್ಯಾಂಚ್ ಆಫೀಸಿನಲ್ಲಿ ಮ್ಯಾನೇಜರ್ ನನ್ನ ಕೈ ಕುಲುಕಿ ಚಹಾ ಕೊಟ್ಟ. "ಇವನಿಗಾಗಿ ಎಷ್ಟೋ ತಿಂಗಳಿಂದ ಕಾಯ್ತಿದ್ವಿ. ನಿಮ್ಮ ಡೇರೆ ಬಹಳ ಚೆನ್ನಾಗಿದೆ ಸರ್, ಎಲ್ಲಿ ಸಿಗುತ್ತೆ?" ಅಂದ. ತಮಾಷೆಯಲ್ಲ. ನಾಲ್ಕು ಬೇಕು, ಬೆಲೆ ವಿಚಾರಿಸಿ ಹೇಳಿ ಅಂದ. ಆಮೇಲೆ ಪೊಲೀಸರು ಬಂದರು. ಹೇಳಿಕೆ ಬರೆದುಕೊಂಡರು, ಸಹಿ ಹಾಕಿದೆ.

ಒಂದು ಮಾತು ಹೇಳಿಬಿಡಬೇಕು. ರ‍್ಯಾಂಚಿನವರು ರಾಕ್ಷಸರಲ್ಲ. ಕಾಲಿಗೆ ತಂತಿ ಹೊಕ್ಕು ಕೊಳೆತ ಜಿರಾಫೆ ಮರಿಯೊಂದನ್ನು ತಾನೇ ಕೈಯಾರೆ ಕೊನೆಗಾಣಿಸಬೇಕಾಯಿತು ಅಂತ ಲೆಕಿಶೋನ್ ಹೇಳಿದ. ಉರುಳಿಗೆ ಯಾರು ಏನು ಅಂತ ಗೊತ್ತಿಲ್ಲ, ಸಿಕ್ಕಿದ್ದನ್ನೆಲ್ಲ ಕೊಲ್ಲುತ್ತದೆ. ಆ ಮನುಷ್ಯ ಮಾಡಿದ್ದು ಅಪರಾಧವೇ. ಇದನ್ನೆಲ್ಲ ನಾನು ವಾಪಸ್ ಬರುವಾಗ ಮಕ್ಕಳಿಗೆ ವಿವರಿಸಿದೆ. ಚೆನ್ನಾಗಿಯೇ ವಿವರಿಸಿದೆ. ಮೊಂಬಾಸಾ ರಸ್ತೆಯ ಲಾರಿಗಳ ನಡುವೆ, ಸ್ಪ್ರಿಂಗ್ ವ್ಯಾಲಿಯ ನಮ್ಮ ಗೇಟಿನವರೆಗೂ ವಿವರಿಸಿದೆ. ಇಬ್ಬರೂ ಕಿಟಕಿಯ ಕಡೆ ತಿರುಗಿ ಕೂತಿದ್ದರು.

ಬಾಗಿಲು ತೆರೆದ ಸುಮಾ ಮಕ್ಕಳ ಮುಖ ನೋಡಿದವಳೇ ನನ್ನನ್ನು ಏನೂ ಕೇಳದೆ ಅವರನ್ನು ಒಳಗೆ ಕರೆದುಕೊಂಡು ಹೋದಳು. ಅಚ್ಚು ಅವತ್ತು ಸ್ನಾನ ಮಾಡಲ್ಲ, ಕತ್ತಲಾಗುತ್ತೆ ಅಂತ ಬಾತ್‌ರೂಮಿನ ಬಾಗಿಲು ಮುಚ್ಚಲು ಬಿಡಲಿಲ್ಲ. ಆಮೇಲೂ ಎಷ್ಟೋ ವಾರ ಬಿಡಲಿಲ್ಲ. ಇಡ್ಲಿ ಡಬ್ಬಿ ತೆರೆಯದೇ ಹಾಗೇ ವಾಪಸ್ ಬಂದಿತ್ತು.

ಸೋಮವಾರ ಗ್ರೆಗ್ ಕೇಳಿದ, "ಹೇಗಿತ್ತು ಡೇರೆ?"

"ಕೆಲಸ ಮಾಡ್ತು. ನಾವು ಯಾರಿಗೂ ಕಾಣಲಿಲ್ಲ," ಅಂದೆ.

ಪೂರ್ತಿ ಕಥೆಯನ್ನು ಹೇಳಿದ್ದು ವಾರದ ಮೇಲೆ. ಅವನು, "ಒದ್ದಾಡ್ತಿರೋ ಪ್ರಾಣಿನ ಹಾಗೇ ಬಿಟ್ಟು ಕೂರಬಾರದು. ನಮ್ಮಲ್ಲಿ ಮಕ್ಕಳಿಗೆ ಮೊದಲು ಹೇಳಿಕೊಡೋದೇ ಅದು," ಅಂದ. ಬೈಯಲು ಹೇಳಿದ್ದಲ್ಲ. ನವೆಂಬರ್‌ನಲ್ಲಿ ಡೇರೆ ತಗೊಂಡು ಊರಿಗೆ ಹೋದ. ಅವನ ಮಗಳು ಮೊದಲ ಜಿಂಕೆ ಹೊಡೆದ ಫೋಟೋ ಕಳಿಸಿದ. ಹುಡುಗಿ ನಗುತ್ತಿರಲಿಲ್ಲ, ಅಪ್ಪನ ಕೈ ಹಿಡಿದುಕೊಂಡು ನಿಂತಿದ್ದಳು. ಬೇಟೆ ಕೆಟ್ಟದ್ದು ಅಂತ ಭಾಷಣ ಮಾಡುವ ಯೋಗ್ಯತೆ ನನಗೆ ಉಳಿದಿರಲಿಲ್ಲ. ಅವನಿಗೆ ತಾನು ಏನನ್ನು ಬೇಟೆಯಾಡುತ್ತಿದ್ದೇನೆ ಅಂತ ಗೊತ್ತಿತ್ತು.

ಕೋರ್ಟಿನ ಸಮನ್ಸ್ ಬಂದಿದ್ದು ಐದು ತಿಂಗಳ ಮೇಲೆ.

ಆ ಮನುಷ್ಯ ಅಷ್ಟೂ ದಿನ ಜೈಲಿನಲ್ಲೇ ಇದ್ದ, ಜಾಮೀನು ಕೊಡುವವರು ಸಿಕ್ಕಿರಲಿಲ್ಲ. ಹೆಂಡತಿ ನೈರೋಬಿಯಲ್ಲಿ ಮನೆಗೆಲಸಕ್ಕಿದ್ದಾಳಂತೆ. ನಮ್ಮಂಥವರ ಮನೆಯಲ್ಲಿ ಅಂತಿಟ್ಟುಕೊಳ್ಳಿ. ಶನಿವಾರ ಸ್ಕೂಲಿರಲಿಲ್ಲ, ಮಗಳನ್ನು ಬಿಟ್ಟು ಹೋಗಲು ಮನೆಯಲ್ಲಿ ಯಾರೂ ಇರಲಿಲ್ಲ, ಅದಕ್ಕೇ ಕರೆದುಕೊಂಡು ಹೋದೆ ಅಂತ ಅವನು ಮೊದಲೇ ಹೇಳಿಕೆ ಕೊಟ್ಟಿದ್ದ. ಹುಡುಗಿಯನ್ನು ಅವತ್ತು ಸಂಜೆಯೇ ಬಿಟ್ಟಿದ್ದರು, ಈಗ ಅಜ್ಜಿಯ ಊರಿನಲ್ಲಿದ್ದಾಳೆ. ಸ್ಕೂಲು ಬಿಟ್ಟಿದ್ದಾಳೆ. ಇದನ್ನೆಲ್ಲ ಕೋರ್ಟಿನ ಹೊರಗೆ ಲೆಕಿಶೋನ್ ನನಗೆ ಹೇಳಿದ.

ಆ ಮನುಷ್ಯನ ವಾದ ಒಂದೇ. ಜಿಂಕೆ ಆಗಲೇ ಸತ್ತಿತ್ತು, ಉರುಳು ಯಾರದೋ, ನಾನು ಸತ್ತ ಪ್ರಾಣಿಯ ಮಾಂಸ ತರಲು ಹೋದೆ. ಅದು ಸುಳ್ಳು ಅಂತ ಗೊತ್ತಿದ್ದವರು, ಅವನನ್ನೂ ಹುಡುಗಿಯನ್ನೂ ಬಿಟ್ಟರೆ, ನಾನು ಮತ್ತು ನನ್ನ ಮಕ್ಕಳು. ನಾನು ಕಟಕಟೆ ಹತ್ತಿದೆ, ಪ್ರಮಾಣ ಮಾಡಿದೆ, ಕಂಡದ್ದನ್ನು ಕಂಡಹಾಗೆ ಹೇಳಿದೆ. ಹೊಟ್ಟೆ ಏರಿಳಿಯುತ್ತಿತ್ತು ಅಂದೆ. ಅವನು ಕಣ್ಣಿನ ಮೇಲೆ ಅಂಗೈ ಇಟ್ಟದ್ದನ್ನೂ ಹೇಳಿದೆ. ಅದನ್ನು ಬರೆದುಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ.

ಅವನಿಗೆ ವಕೀಲರಿರಲಿಲ್ಲ. ಹಾಗಾಗಿ ಮ್ಯಾಜಿಸ್ಟ್ರೇಟರು ಅವನನ್ನೇ ಕೇಳಿದರು, "ಸಾಕ್ಷಿಗೆ ಏನಾದರೂ ಪ್ರಶ್ನೆ ಕೇಳುತ್ತೀಯಾ?"

ಅವನು ಎದ್ದು ನಿಂತ. ತೂಕ ಇಳಿದಿದ್ದ. ಎಡಗೈ ನೆಟ್ಟಗೆ ಬರುತ್ತಿರಲಿಲ್ಲ. ಕೋಪವಿಲ್ಲದೆ, ದಾರಿ ಕೇಳುವವರ ಹಾಗೆ ಸ್ವಾಹಿಲಿಯಲ್ಲಿ ಕೇಳಿದ. ದುಭಾಷಿ ಇಂಗ್ಲಿಷಿಗೆ ತಿರುಗಿಸಿದ.

"ನೀನೂ ಮಕ್ಕಳನ್ನು ಕರೆದುಕೊಂಡು ಬಂದಿದ್ದೆ. ನನ್ನ ಜೊತೆಗಿದ್ದದ್ದು ನನ್ನ ಮಗಳು ಅಂತ ನಿನಗೆ ಕಾಣುತ್ತಿತ್ತು. ಇಬ್ಬರು ಅಂತ ಯಾಕೆ ಹೇಳಿದೆ?"

ನಾನು ಬಾಯಿ ತೆರೆದೆ.

ಸರ್ಕಾರಿ ವಕೀಲರು ಎದ್ದರು. ಪ್ರಶ್ನೆಗೂ ಕೇಸಿಗೂ ಸಂಬಂಧವಿಲ್ಲ ಅಂದರು. ಮ್ಯಾಜಿಸ್ಟ್ರೇಟರು, "ಸಾಕ್ಷಿ ಈ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ," ಅಂದರು.

ನಾನು ಬಾಯಿ ಮುಚ್ಚಿದೆ. ಕಟಕಟೆಯಿಂದ ಇಳಿದೆ. ಮನೆಯಲ್ಲಿ, "ಆಯ್ತು, ಮುಗೀತು," ಅಂತಷ್ಟೇ ಹೇಳಿದೆ.

ಈ ಅಂಕಣದಲ್ಲಿ ನಾನು ಸಾಮಾನ್ಯವಾಗಿ ಮಟಾಟು ವ್ಯಾನಿನ ಡ್ರೈವರ್‌ಗಳ ಬಗ್ಗೆ, ಇಲ್ಲಿನ ಹುಣಿಸೆಹಣ್ಣಿನ ಬಗ್ಗೆ ಬರೆದು ನಿಮ್ಮನ್ನು ನಗಿಸುವವನು. ಈ ಸಂಗತಿಯನ್ನು ಇಷ್ಟು ತಿಂಗಳು ಬರೆಯದೆ ಇಟ್ಟುಕೊಂಡಿದ್ದೆ. ಈ ವಾರ ಬರೆಯಬೇಕಾಯಿತು. ಯಾಕೆಂದರೆ ಮಂಗಳವಾರ ಲೆಕಿಶೋನ್‌ನ ಮೆಸೇಜು ಬಂತು. ತೀರ್ಪಾಯಿತು, ಜೈಲು ಅಂತ. ಎಷ್ಟು ವರ್ಷ ಅಂತಲೂ ಬರೆದಿದ್ದ.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಮುಚ್ಚಿಡುವುದು ಸಾಕು ಅನ್ನಿಸಿತು. ಅಚ್ಚು, "ಅಷ್ಟೊತ್ತಿಗೆ ಆ ಹುಡುಗಿ ಎಷ್ಟು ದೊಡ್ಡವಳಾಗಿರ್ತಾಳೆ?" ಅಂದ. ಸುಮಾ ಅವನ ತಟ್ಟೆಗೆ ಮೊಸರು ಹಾಕಿದಳು. ನಾನು ಹಾಗೇ ಕೋರ್ಟಿನ ಕಥೆಯನ್ನೂ ಹೇಳಿದೆ. ಆ ಮನುಷ್ಯ ಕೇಳಿದ ಪ್ರಶ್ನೆಯನ್ನು ಅವನು ಕೇಳಿದ ಹಾಗೆಯೇ ಹೇಳಿದೆ.

"ನೀವೇನು ಹೇಳಿದ್ರಿ?" ಸುಮಾ ಕೇಳಿದಳು.

"ಉತ್ತರ ಕೊಡಬೇಕಾಗಿಲ್ಲ ಅಂದ್ರು."

ಧಾತ್ರಿ ತಟ್ಟೆಯಿಂದ ತಲೆ ಎತ್ತಿದಳು.

"ಕೊಡಬೇಕಾಗಿಲ್ಲ ಅಂದ್ರು, ಅಪ್ಪ. ಕೊಡಬಾರದು ಅಂದ್ರಾ?"